ಪ್ರಸಂಗದ ಕರಡು ಮತ್ತು ಅದರ ಪರೀಕ್ಷಕರು: ಕುಂಬಳೆ ಸೀಮೆಯ ಯಕ್ಷಗಾನ ರಚನೆಯಲ್ಲಿ ತಿದ್ದುಪಡಿಯ ಚರಿತ್ರೆ

ಮಲಬಾರಿನ ಕಥಕಳಿ ವಲಯದಲ್ಲಿ ಬಹುಕಾಲದಿಂದ ಬಾಯಿಂದ ಬಾಯಿಗೆ ಬಂದ ಐತಿಹ್ಯವೊಂದಿದೆ. ರಾಜಕವಿ ಕೋಟ್ಟಯಂ ತಂಪುರಾನ್ ತನ್ನ ಮೊದಲ ಆಟ್ಟಕ್ಕಥೆಯಾದ ‘ಬಕವಧ’ವನ್ನು ಬರೆದು ಗುರುವಿನ ಮುಂದಿಟ್ಟನಂತೆ. ಗುರು ಓದಿ ನೋಡಿ, ಹೆಂಗಸರು ಕೈಕೊಟ್ಟಿಕ್ಕಳಿಗೆ ಹಾಡಿಕೊಳ್ಳಲು ಇದು ಚೆನ್ನಾಗಿದೆ ಎಂದನಂತೆ. ಕವಿ ಮತ್ತೆ ಬರೆದ. ಇದಕ್ಕೆ ವ್ಯಾಖ್ಯಾನ ಬೇಕಾದೀತು ಎಂಬ ಉತ್ತರ ಬಂತು. ಹೀಗೆ ಒಂದೊಂದು ಕೃತಿಗೂ ಒಂದೊಂದು ಮಾತು ಕೇಳುತ್ತ ಕೇಳುತ್ತ, ‘ಕಾಲಕೇಯವಧ’ದ ಹೊತ್ತಿಗೆ, ಇದು ಆಡಲು ತಕ್ಕುದು ಎಂಬ ಒಪ್ಪಿಗೆ ದೊರೆಯಿತು. ಹೇಳುವವರು ಬದಲಾದಂತೆ ನಡುವಿನ ಕೃತಿಗಳ ಕ್ರಮವೂ ಅವುಗಳಿಗೆ ಸಂದ ತೀರ್ಪಿನ ಮಾತೂ ಬದಲಾಗುತ್ತವೆ. ಮೊದಲಿನದು ಹಾಡಿಗೆ, ಕೊನೆಯದು ಆಟಕ್ಕೆ ಎಂಬ ಚೌಕಟ್ಟು ಮಾತ್ರ ಬದಲಾಗುವುದಿಲ್ಲ. ಈ ಕೋಟ್ಟಯಂ ತೆಂಕಣ ಕೇರಳದ ಊರಲ್ಲ. ತಲಶ್ಶೇರಿಯ ಸಮೀಪದ, ಮುಂದೆ ಪಳಶ್ಶಿರಾಜನು ಹುಟ್ಟಿಬಂದ, ವಯನಾಡಿನ ಮೇಲೂ ಅಧಿಕಾರವಿದ್ದ ಮನೆತನದ ನೆಲೆ.

ಐತಿಹ್ಯ ನಿಜವೋ ಕಟ್ಟುಕಥೆಯೋ ಎಂಬುದು ಇಲ್ಲಿ ಮುಖ್ಯವಲ್ಲ. ಅದರೊಳಗೆ ಅಡಗಿರುವ ವಿಮರ್ಶಾದೃಷ್ಟಿ ಗಮನಾರ್ಹವಾದುದು. ಗುರು ಒಮ್ಮೆಯೂ ಕವಿತೆ ಕೆಟ್ಟದಾಗಿದೆ ಎನ್ನುವುದಿಲ್ಲ. ಹಾಡಾಗಿ ಗೆದ್ದದ್ದು, ಓದಾಗಿ ಗೆದ್ದದ್ದು, ಆಟವಾಗಿ ಗೆದ್ದದ್ದು ಇವು ಬೇರೆ ಬೇರೆ ಎಂಬಷ್ಟನ್ನೇ ಹೇಳಿ ಕವಿಯನ್ನು ಮರಳಿ ಕಳುಹಿಸುತ್ತಾನೆ. ನಾಟಕದ ಕರಡೊಂದಕ್ಕೆ ರಂಗದ ಕಡೆಯಿಂದ ಸಲ್ಲಬೇಕಾದ ಸಲಹೆ ಎಂದರೆ ಇದಕ್ಕಿಂತ ಹೆಚ್ಚಿನದೇನೂ ಅಲ್ಲ.

ತಲಶ್ಶೇರಿಯಿಂದ ಕಡಲ ಬದಿಯಲ್ಲೇ ಬಡಗಣಕ್ಕೆ ಸಾಗಿದರೆ ಸಿಗುವ ಕುಂಬಳೆ ಸೀಮೆಯಲ್ಲಿ, ಯಕ್ಷಗಾನದ ಆದ್ಯ ಪ್ರಸಂಗಕರ್ತರಲ್ಲಿ ಒಬ್ಬನೆಂದು ಗೌರವಿಸಲ್ಪಡುವ ಪಾರ್ತಿಸುಬ್ಬನ ಕುರಿತು ಇಂಥ ಕಥೆ ಪ್ರಚಲಿತವಾಗಿಲ್ಲ. ಅವನ ಕರಡನ್ನು ಯಾರು ನೋಡಿದರು, ಯಾರು ತಿದ್ದಿಸಿದರು ಎಂಬ ಪ್ರಶ್ನೆಯನ್ನು ವಿದ್ವತ್ತು ಮುಖ್ಯವಾಗಿ ಕೈಗೆತ್ತಿಕೊಳ್ಳಲೂ ಇಲ್ಲ. ಬದಲಿಗೆ, ಆ ಪ್ರಸಂಗಗಳನ್ನು ಬರೆದವನು ಅವನೇ ಹೌದೇ ಎಂಬ ವಾದ ಕಳೆದ ಶತಮಾನದ ಯಕ್ಷಗಾನ ಸಂಶೋಧನೆಯ ದೊಡ್ಡ ಭಾಗವನ್ನು ನುಂಗಿಹಾಕಿತು. ಮುಳಿಯ ತಿಮ್ಮಪ್ಪಯ್ಯನವರ ‘ಪಾರ್ತಿಸುಬ್ಬ’ 1945ರಲ್ಲಿ ಹೊರಬಂತು. ‘ಯಕ್ಷಗಾನ ಬಯಲಾಟ’ದ ಕರ್ತೃ ಶಿವರಾಮ ಕಾರಂತರು ರಾಮಾಯಣ ಪ್ರಸಂಗಗಳ ಕರ್ತೃತ್ವವನ್ನು ಕುಂಬಳೆಯಿಂದ ಬಿಡಿಸಿ ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನಿಗೆ ಸಲ್ಲಿಸಿದರು. ಕುಕ್ಕಿಲ ಕೃಷ್ಣ ಭಟ್ಟರು 1975ರಲ್ಲಿ ‘ಪಾರ್ತಿಸುಬ್ಬನ ಯಕ್ಷಗಾನಗಳು’ ಸಂಪುಟದ ಮೂಲಕ ಅದನ್ನು ಮರಳಿ ಕುಂಬಳೆಗೆ ತಂದರು. ಮೂವರೂ ಘನ ವಿದ್ವಾಂಸರು. ಒಂದು ಪಠ್ಯಕ್ಕೆ ಒಂದು ಕೈ ಎಂಬ ಗ್ರಹಿಕೆ ಮಾತ್ರ ಮೂವರಿಗೂ ಸಮಾನ. ಪ್ರಸಂಗವೆಂಬುದು ರಂಗಕ್ಕೆ ಬರುವ ಬಗೆಯನ್ನು ನೋಡಿದರೆ ಆ ಗ್ರಹಿಕೆ ನಿಲ್ಲುವುದು ಕಷ್ಟ.

ಪ್ರಸಂಗದ ಕರಡಿನಲ್ಲಿ ನಾಟಕದ ಅರ್ಧಭಾಗ ಮಾತ್ರ ಇರುತ್ತದೆ ಎಂಬುದು ಯಕ್ಷಗಾನ ಬಲ್ಲವರಿಗೆ ಹೊಸದಲ್ಲ. ಅದರ ಪರಿಣಾಮಗಳನ್ನು ಪಠ್ಯವಿಮರ್ಶೆ ಪೂರ್ತಿಯಾಗಿ ಎಣಿಕೆಗೆ ತಂದುಕೊಂಡಿಲ್ಲ. ಕಾಗದದ ಮೇಲಿರುವುದು ರಾಗ-ತಾಳಗಳ ಸೂಚನೆಯೊಂದಿಗೆ ಬರುವ ಪದ್ಯಗಳು, ನಡುನಡುವೆ ಭಾಮಿನಿ ಮತ್ತು ವಾರ್ಧಕ ಷಟ್ಪದಿಗಳು, ಕಂದ, ದ್ವಿಪದಿ. ಪಾತ್ರಗಳು ಆಡುವ ಮಾತು ಅಲ್ಲಿಲ್ಲ. ಭಾಗವತನು ಪದ್ಯವನ್ನು ಹಾಡಿ ನಿಲ್ಲಿಸಿದ ಮೇಲೆ ಪಾತ್ರಧಾರಿ ಅದಕ್ಕೆ ಅರ್ಥ ಹೇಳುತ್ತಾನೆ. ಆ ಅರ್ಥ ಅಂದಂದಿಗೆ ಹುಟ್ಟುವಂಥದು. ಆದ್ದರಿಂದ ಬರೆದ ಹಾಳೆಗಳನ್ನು ಮಾತ್ರ ಓದಿ ಹೊಸ ಪ್ರಸಂಗವೊಂದು ಆಟವಾದೀತೇ ಎಂದು ತೀರ್ಪು ಹೇಳುವುದು ಎಲ್ಲರಿಗೂ ಸಾಧ್ಯವಿಲ್ಲ. ಮಾತಿನ ನಾಟಕದ ಕರಡನ್ನು ಓದುವವನು ಇರುವುದನ್ನು ಓದುತ್ತಾನೆ. ಪ್ರಸಂಗದ ಕರಡನ್ನು ಓದುವವನು ಇಲ್ಲದ್ದನ್ನೂ ಓದಬೇಕು.

ಭರತನ ನಾಟ್ಯಶಾಸ್ತ್ರವು ಪ್ರಯೋಗದ ಗುಣದೋಷಗಳ ಬಗ್ಗೆ ತಕರಾರು ಬಂದಾಗ ತೀರ್ಪು ನೀಡಬಲ್ಲ ಪ್ರಾಶ್ನಿಕರನ್ನು ಹೆಸರಿಸುವಾಗ ಯಜ್ಞವಿದ, ನರ್ತಕ, ಛಂದೋವಿದ, ಶಬ್ದವಿದ, ರಾಜ, ಧನುರ್ವಿದ, ಚಿತ್ರಕಾರ, ವೇಶ್ಯೆ, ಗಾಂಧರ್ವ, ರಾಜಸೇವಕ ಎಂದು ಹತ್ತು ಮಂದಿಯನ್ನು ಲೆಕ್ಕ ಹಾಕುತ್ತದೆ. ಒಬ್ಬೊಬ್ಬನಿಗೆ ಅವನವನ ಕ್ಷೇತ್ರದಲ್ಲಿ ಮಾತ್ರ ಅಧಿಕಾರ. ಕುಂಬಳೆ ಸೀಮೆಯ ಪ್ರಸಂಗಕ್ಕೆ ಅಷ್ಟು ಜನ ಬೇಡ. ಆದರೆ ಅಧಿಕಾರ ಹಂಚಿಹೋಗಿರಬೇಕೆಂಬ ತತ್ತ್ವ ಇಲ್ಲಿಯೂ ಇದೆ.

ಛಂದಸ್ಸನ್ನು ನೋಡುವವನ ಕೆಲಸ ಬಲು ಬೇಗ ಮುಗಿಯುವಂಥದು, ಆದರೆ ತಪ್ಪಿಸಿಕೊಳ್ಳಲಾಗದ್ದು. ಝಂಪೆಯ ಐದು ಮಾತ್ರೆಯ ಗಣದಲ್ಲಿ ಒಂದು ಮಾತ್ರೆ ಹೆಚ್ಚಿದರೆ, ತ್ರಿಪುಟೆಯ ಮೂರು-ನಾಲ್ಕರ ನಡೆ ತಿರುಗುಮುರುಗಾದರೆ, ಓದುವಾಗ ಕಿವಿಗೆ ಬೀಳದ ದೋಷ ಮದ್ದಳೆಯ ಜತೆ ಬಯಲಿಗೆ ಬರುತ್ತದೆ. ‘ಯಕ್ಷಗಾನ ಛಂದೋಂಬುಧಿ’ಯ ಕರ್ತೃ ಶಿಮಂತೂರು ನಾರಾಯಣ ಶೆಟ್ಟರಂಥವರು ಈ ಪರೀಕ್ಷೆಯನ್ನು ಶಾಸ್ತ್ರವಾಗಿ ಬರೆದಿಡುವವರೆಗೆ ಅದು ಬಹುಮಟ್ಟಿಗೆ ಕಿವಿಯ ವಿದ್ಯೆಯಾಗಿತ್ತು.

ಭಾಗವತನ ಪರೀಕ್ಷೆ ಬೇರೆ. ಅವನು ಪದ್ಯವನ್ನು ಪದ್ಯವಾಗಿ ನೋಡುವುದಿಲ್ಲ. ಇದರ ಹಿಂದೆ ಯಾವುದು, ಮುಂದೆ ಯಾವುದು ಎಂದು ನೋಡುತ್ತಾನೆ. ಒಂದೇ ತಾಳದ ಪದ್ಯಗಳು ಸಾಲಾಗಿ ಬಂದರೆ ರಾತ್ರಿ ಜಡವಾಗುತ್ತದೆ. ಒಡ್ಡೋಲಗಕ್ಕೆ ಎಷ್ಟು ಹೊತ್ತು, ಯುದ್ಧಕ್ಕೆ ಎಷ್ಟು, ವೇಷ ಕಟ್ಟಿ ಮುಗಿಯದ ಪಾತ್ರಧಾರಿಗಾಗಿ ಎಲ್ಲಿ ಎಳೆಯಬಹುದು, ಬೆಳಗಾಗುತ್ತ ಬಂದಾಗ ಎಲ್ಲಿ ಬಿಟ್ಟು ಹಾರಬಹುದು ಎಂಬ ಲೆಕ್ಕ ಅವನದು. ಕವಿ ಪ್ರೀತಿಯಿಂದ ಬರೆದ ವರ್ಣನೆಯ ಷಟ್ಪದಿಯನ್ನು ಅವನು ನಿರ್ದಾಕ್ಷಿಣ್ಯವಾಗಿ ಬಿಡುತ್ತಾನೆ. ಕವಿ ಬರೆಯದ ಒಂದು ಸಂಧಿಪದ್ಯವನ್ನು ತಾನೇ ಹೊಸೆದು ಸೇರಿಸುತ್ತಾನೆ. ಅದು ಮುಂದಿನ ಪ್ರತಿಯಲ್ಲಿ ಕವಿಯ ಪದ್ಯವೇ ಆಗಿಬಿಡುತ್ತದೆ. ಭಾಗವತನೂ ಪ್ರಸಂಗಕರ್ತನೂ ಒಬ್ಬನೇ ಆದಾಗ ಈ ಎರಡು ಕೈಗಳ ಗೆರೆಯೇ ಅಳಿಸಿಹೋಗುತ್ತದೆ. ಕಾಸರಗೋಡಿನ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಬಲಿಪ ನಾರಾಯಣ ಭಾಗವತರು ಐದು ದಿನಗಳ ದೇವೀಮಾಹಾತ್ಮ್ಯವನ್ನು ರಚಿಸಿದಾಗ, ಒಂದು ರಾತ್ರಿಯಲ್ಲಿ ಮುಗಿಯುತ್ತಿದ್ದ ಕಥೆಯಲ್ಲಿ ಏನು ಬಿಟ್ಟುಹೋಗುತ್ತಿದೆ ಎಂಬುದನ್ನು ಜಾಗಟೆ ಹಿಡಿದೇ ಅರಿತವರ ತೀರ್ಪು ಆ ರಚನೆಯ ಹಿಂದೆ ಇತ್ತು.

ಅರ್ಥಧಾರಿ ಕೇಳುವ ಪ್ರಶ್ನೆ ಇನ್ನೂ ಕಠಿಣ: ಎದುರಾಳಿಗೆ ಇಲ್ಲಿ ಏನು ನ್ಯಾಯವಿದೆ? ರಾಮನ ಬಾಣ ತಗಲಿದ ವಾಲಿಗೆ ಹೇಳಲು ಏನೂ ಇಲ್ಲದಂತೆ ಕವಿ ಪದ್ಯ ಬರೆದರೆ ಅರ್ಥಧಾರಿಗೆ ಅಲ್ಲಿ ಕೆಲಸವಿಲ್ಲ. ಹಾಗೆಂದು ವಾಲಿಯ ವಾದವನ್ನೆಲ್ಲ ಕವಿಯೇ ಪದ್ಯದಲ್ಲಿ ತುಂಬಿಬಿಟ್ಟರೂ ಕೆಲಸವಿಲ್ಲ. ಹೇಳಬೇಕಾದದ್ದು ಹಾಡಿನಲ್ಲೇ ಮುಗಿದಿರುತ್ತದೆ. ಬೀಜವಿದ್ದು ಮರವಿಲ್ಲದ ಪದ್ಯ ಅವನಿಗೆ ಬೇಕು. ಈ ಪರೀಕ್ಷೆ ನಡೆಯುವ ತಕ್ಕ ಜಾಗ ತಾಳಮದ್ದಳೆ. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದ ರಾತ್ರಿಗಳಲ್ಲಿ, ಬಣ್ಣ ಬಟ್ಟೆ ಕುಣಿತ ಯಾವುದರ ನೆರವೂ ಇಲ್ಲದೆ ಪದ್ಯ ಮತ್ತು ಮಾತು ಎದುರುಬದುರಾಗಿ ಕುಳಿತುಕೊಳ್ಳುತ್ತವೆ. ವೇಷದ ಸೊಗಸಿನಲ್ಲಿ ಮುಚ್ಚಿಹೋಗುವ ಕಥೆಯ ತೂತು ಇಲ್ಲಿ ಮುಚ್ಚುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ವಾಲಿಯಾಗಿಯೋ ರಾವಣನಾಗಿಯೋ ಎದುರು ಕುಳಿತಾಗ ಪ್ರಶ್ನೆಗೊಳಗಾಗುತ್ತಿದ್ದವನು ಎದುರಿನ ಅರ್ಥಧಾರಿ ಮಾತ್ರನಲ್ಲ, ಪ್ರಸಂಗದ ಕವಿಯೂ ಹೌದು. ತೀರಿಕೊಂಡ ಕವಿ ಉತ್ತರಿಸಲಾರ. ಬದುಕಿರುವ ಕವಿ, ಚೆನ್ನಾದವನಾದರೆ, ಮನೆಗೆ ಹೋಗಿ ತಿದ್ದುತ್ತಾನೆ.

ದೇಲಂಪಾಡಿಯ ಬನಾರಿಯಲ್ಲಿ ಕೀರಿಕ್ಕಾಡು ಮಾಸ್ತರ್ ವಿಷ್ಣು ಭಟ್ಟರು ಕಟ್ಟಿದ ಗೋಪಾಲಕೃಷ್ಣ ಯಕ್ಷಗಾನ ಕಲಾಸಂಘವನ್ನು ಈ ದೃಷ್ಟಿಯಿಂದ ಮತ್ತೆ ನೋಡಬೇಕಾಗಿದೆ. ಸಾಮಾನ್ಯವಾಗಿ ಅದನ್ನು ಅರ್ಥಧಾರಿಗಳನ್ನೂ ಕಲಾವಿದರನ್ನೂ ತಯಾರು ಮಾಡಿದ ಗುರುಮನೆಯೆಂದು ಸ್ಮರಿಸುತ್ತಾರೆ, ಅದು ಸರಿ. ಆದರೆ ಮಾಸ್ತರರು ಪ್ರಸಂಗಕರ್ತರೂ ಆಗಿದ್ದರು. ಪ್ರಸಂಗ ಬರೆಯುವವನ ಸುತ್ತ ಅರ್ಥ ಹೇಳಲು ಕಲಿಯುವವರ ಕೂಟವೊಂದು ಸದಾ ಇರುವುದೆಂದರೆ ಬರೆದ ಪದ್ಯ ಮಾತನ್ನು ಹುಟ್ಟಿಸುತ್ತದೆಯೇ ಇಲ್ಲವೇ ಎಂಬುದು ಮುದ್ರಣಕ್ಕೆ ಮುಂಚೆ, ಮೇಳಕ್ಕೆ ಮುಂಚೆ, ಅಲ್ಲಿಯೇ ತಿಳಿದುಬಿಡುವ ಅನುಕೂಲ. ಆಧುನಿಕ ರಂಗಭೂಮಿ ಬಹಳ ಖರ್ಚು ಮಾಡಿ ಪಡೆಯುವ ಈ ಸೌಲಭ್ಯ ಗಡಿಯ ಕಾಡಂಚಿನ ಹಳ್ಳಿಯೊಂದರಲ್ಲಿ ಸಹಜವಾಗಿ ದಕ್ಕಿತ್ತು.

ಈಗ ಪಾರ್ತಿಸುಬ್ಬನತ್ತ ಮರಳಬಹುದು. ಕುಕ್ಕಿಲರ ವಾದದ ತಿರುಳು, ಅವನ ರಾಮಾಯಣ ಪ್ರಸಂಗಗಳು ಕೊಟ್ಟಾರಕ್ಕರ ತಂಪುರಾನನ ರಾಮನಾಟ್ಟಕ್ಕೆ ಋಣಿಯಾಗಿವೆ ಎಂಬುದು. ತಂಪುರಾನನ ಕಾಲದ ಬಗ್ಗೆ ಮಲಯಾಳದ ವಿದ್ವಾಂಸರಲ್ಲೇ ಒಮ್ಮತವಿಲ್ಲ. ಋಣದ ಪ್ರಮಾಣದ ಬಗ್ಗೆ ಕನ್ನಡದವರಲ್ಲಿಲ್ಲ. ಆದರೆ ಕಥಾವಿಭಜನೆಯ ಸಾಮ್ಯವನ್ನು ಅಲ್ಲಗಳೆಯುವುದು ಸುಲಭವಲ್ಲ. ರಾಮನಾಟ್ಟದಲ್ಲಿ ಎಂಟು ಕಥೆಗಳಿವೆ: ಪುತ್ರಕಾಮೇಷ್ಟಿ, ಸೀತಾಸ್ವಯಂವರ, ವಿಚ್ಛಿನ್ನಾಭಿಷೇಕ, ಖರವಧ, ಬಾಲಿವಧ, ತೋರಣಯುದ್ಧ, ಸೇತುಬಂಧನ, ಯುದ್ಧ. ಕುಂಬಳೆಯ ಕಡೆ ಪುತ್ರಕಾಮೇಷ್ಟಿ, ಸೀತಾಕಲ್ಯಾಣ, ಪಟ್ಟಾಭಿಷೇಕ, ಪಂಚವಟಿ, ವಾಲಿಯ ಕಥೆ, ಉಂಗುರಸಂಧಿ, ಸೇತುಬಂಧನಗಳವರೆಗೆ ಎರಡೂ ಬಹುಮಟ್ಟಿಗೆ ಹೆಗಲೆಣೆಯಾಗಿ ನಡೆಯುತ್ತವೆ.

ಇದನ್ನು ಅನುವಾದವೆಂದು ಕರೆದು ಮುಂದೆ ಸಾಗುವುದು ಅವಸರದ ಮಾತು. ಕಥಕಳಿಯ ನಟ ಮಾತನಾಡುವುದಿಲ್ಲ. ಅಲ್ಲಿ ಶ್ಲೋಕ ಕಥೆಯನ್ನು ಸಾಗಿಸುತ್ತದೆ, ಪದಂ ಪಾತ್ರದ ಸಂಭಾಷಣೆಯಾಗಿರುತ್ತದೆ. ಗಾಯಕನು ಹಾಡಿದ್ದನ್ನು ನಟ ಮುದ್ರೆಯಲ್ಲಿ ಬಿಡಿಸುತ್ತಾನೆ. ಹೀಗಾಗಿ ಪಾತ್ರ ಹೇಳಬೇಕಾದ ಮಾತಿನ ಭಾರವನ್ನೆಲ್ಲ ಪದ್ಯವೇ ಹೊರಬೇಕು. ಯಕ್ಷಗಾನದ ಪಾತ್ರ ಮಾತನಾಡುತ್ತದೆ. ಮಾತಿಲ್ಲದ ರಂಗದ ಪಠ್ಯವೊಂದನ್ನು ಮಾತಿರುವ ರಂಗಕ್ಕೆ ತರುವವನು ಪದ್ಯಗಳಲ್ಲಿ ಮಾತಿಗೆ ಜಾಗ ಬಿಡಬೇಕು. ಅಲ್ಲಿ ಹೇಳಿದ್ದನ್ನು ಇಲ್ಲಿ ಹೇಳದೆ ಬಿಡುವ ಕಲೆ ಅವನಿಗೆ ತಿಳಿದಿರಬೇಕು. ಕೋಟ್ಟಯಂ ಐತಿಹ್ಯದ ಗುರು ಕೇಳಿದ ಪ್ರಶ್ನೆಯನ್ನೇ, ಆಡಲು ಬರುತ್ತದೆಯೇ ಎಂಬುದನ್ನೇ, ಇನ್ನೊಂದು ಭಾಷೆಯ ಇನ್ನೊಂದು ರಂಗದ ಮುಂದೆ ನಿಂತು ಉತ್ತರಿಸಿದಂತೆ ಇದು.

ಸೇತುಬಂಧನದ ಆಚೆ ಎರಡು ಪರಂಪರೆಗಳು ಬೇರೆಯಾಗುವ ಜಾಗ ಇನ್ನೂ ಹೆಚ್ಚು ಹೇಳುತ್ತದೆ. ರಾಮನಾಟ್ಟದ ‘ಯುದ್ಧ’ ಒಂದೇ ಕಥೆ. ಕುಂಬಳೆಯ ಪ್ರಸಂಗಗಳಲ್ಲಿ ಅದೇ ಭಾಗ ಅಂಗದಸಂಧಾನ, ಕುಂಭಕರ್ಣ-ಇಂದ್ರಜಿತು ಕಾಳಗ, ರಾವಣವಧೆ ಎಂದು ಕವಲೊಡೆದಿದೆ. ಕಾಳಗದ ಪ್ರಸಂಗಗಳು ಹೆಚ್ಚಿದ್ದಕ್ಕೆ ವೇಷದ ಅಬ್ಬರ ಕಾರಣವೆನ್ನಬಹುದು. ಅಂಗದಸಂಧಾನಕ್ಕೆ ಆ ಕಾರಣ ಸಾಲದು. ಅದರ ಜೀವಾಳ ದೂತ ಮತ್ತು ದೊರೆಯ ನಡುವಿನ ವಾದ. ಹಾಡಿನ ರಂಗದಲ್ಲಿ ಅಷ್ಟಾಗಿ ಬೇಡದ, ಮಾತಿನ ರಂಗದಲ್ಲಿ ಮಾತ್ರ ಪೂರ್ತಿ ಅರಳುವ ಸನ್ನಿವೇಶ ಅದು. ಆ ಪ್ರಸಂಗ ಒಂದೇ ಬಾರಿಗೆ ಒಬ್ಬನ ಲೇಖನಿಯಿಂದ ಈಗಿರುವ ರೂಪದಲ್ಲಿ ಇಳಿದುಬಂತೆಂದು ನಂಬುವುದಕ್ಕಿಂತ, ಅರ್ಥಧಾರಿಗಳ ಬೇಡಿಕೆಗೆ ಕಿವಿಗೊಟ್ಟು ಬೆಳೆಯಿತೆಂದು ಭಾವಿಸುವುದು ಹೆಚ್ಚು ಯುಕ್ತವೆಂದು ತೋರುತ್ತದೆ. ಇದು ಊಹೆ, ಆದರೆ ಪಠ್ಯದ ಆಕಾರವೇ ಒತ್ತಾಸೆಯಾಗಿರುವ ಊಹೆ.

ಹೀಗೆ ನೋಡಿದರೆ ಅಜಪುರವೋ ಕಣ್ವಪುರವೋ ಎಂಬ ವಾದದ ಬಿಸಿ ಕಡಮೆಯಾಗುತ್ತದೆ. ಅಂಕಿತವಿರುವ ಪದ್ಯ ಕವಿಯ ಹೆಸರನ್ನು ಹೇಳಬಹುದು. ಅಂಕಿತವಿಲ್ಲದ ನೂರು ಪದ್ಯಗಳಲ್ಲಿ ಎಷ್ಟು ಭಾಗವತರ ಕೈಯಿದೆ ಎಂಬುದನ್ನು ಅದು ಹೇಳುವುದಿಲ್ಲ. ಒಂದು ಪ್ರತಿಯಲ್ಲಿದ್ದು ಇನ್ನೊಂದರಲ್ಲಿಲ್ಲದ ಪದ್ಯವನ್ನು ಸಂಪಾದಕರು ಪ್ರಕ್ಷಿಪ್ತವೆಂದು ಕಳೆಯುತ್ತಾರೆ. ಕಾವ್ಯದ ಸಂಪಾದನೆಗೆ ಆ ವಿಧಾನ ಸಲ್ಲುತ್ತದೆ. ಪ್ರಸಂಗದಲ್ಲಿ ಪ್ರಕ್ಷಿಪ್ತವೇ ಹಲವು ಬಾರಿ ರಂಗದ ಸಾಕ್ಷಿ. ಕಾರಂತರು ರಂಗವನ್ನು ಆಳವಾಗಿ ಬಲ್ಲವರು, ಪ್ರಯೋಗಕ್ಕಾಗಿ ಪ್ರಸಂಗಗಳನ್ನು ತಾವೇ ಕತ್ತರಿಸಿ ಹೊಲಿದವರು. ಅವರಂಥವರು ಹಳೆಯ ಪಠ್ಯದ ಮಟ್ಟಿಗೆ ಒಬ್ಬನೇ ಕರ್ತೃವನ್ನು ಹುಡುಕಿದ್ದು ವಿಪರ್ಯಾಸವೇ ಸರಿ.

ಕೈಗಳ ಸರಣಿ ಪಾರ್ತಿಸುಬ್ಬನಲ್ಲಿಗೆ ನಿಲ್ಲುವುದೂ ಇಲ್ಲ. ಇಂದಿನ ಮಂಜೇಶ್ವರ ತಾಲೂಕಿಗೆ ಸೇರಿದ ಬಾಯಾರಿನ ಸಂಕಯ್ಯ ಭಾಗವತರ ತುಳು ‘ಪಂಚವಟಿ’ 1887ರಲ್ಲಿ ಅಚ್ಚಾಯಿತು. ಅದಕ್ಕೆ ಆಧಾರ ಪಾರ್ತಿಸುಬ್ಬನ ಕನ್ನಡ ಪ್ರಸಂಗ. ಮಲಯಾಳದಿಂದ ಕನ್ನಡಕ್ಕೆ, ಕನ್ನಡದಿಂದ ತುಳುವಿಗೆ ಎಂಬ ಈ ಪಯಣದ ಕೊನೆಯ ಹಂತದಲ್ಲಿ ಕೆಲಸ ಮಾಡಿದವನು ಪಂಡಿತನೆಂಬ ಬಿರುದಿನವನಲ್ಲ, ಭಾಗವತ ಎಂಬುದು ಲಕ್ಷಿಸಬೇಕಾದ ವಿಷಯ.

ಇದೇ ಬಗೆಯ ಅರೆಬರಹದ ನಾಟಕ ಗಡಿಯ ಇನ್ನೊಂದು ತುದಿಯಲ್ಲಿ ಬೇರೊಂದು ರೀತಿಯ ಪರೀಕ್ಷಕನನ್ನು ಪಡೆದಿತ್ತು. ಕರ್ಕಿಯ ಭಾಗವತರ ಮೇಳದ ಆಟವನ್ನು ನೋಡಿದ ಸಾಂಗ್ಲಿಯ ಸಂಸ್ಥಾನಿಕ ಚಿಂತಾಮಣರಾವ್ ಪಟವರ್ಧನರು ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲಿ ಅಂಥದನ್ನು ಕಟ್ಟಲು ಹೇಳಿದ್ದು, 1843ರಲ್ಲಿ ‘ಸೀತಾಸ್ವಯಂವರ’ ಆಡಲ್ಪಟ್ಟದ್ದು ಮರಾಠಿ ರಂಗಚರಿತ್ರೆಯ ಮೊದಲ ಪುಟ. ಭಾವೆಯವರ ಬರಹದಲ್ಲಿಯೂ ಇದ್ದದ್ದು ಮುಖ್ಯವಾಗಿ ಸೂತ್ರಧಾರನ ಪದ್ಯಗಳು, ಮಾತು ನಟರದು. ಆದರೆ ಅಲ್ಲಿ ತೀರ್ಪು ಆಸ್ಥಾನದಿಂದ ಬಂತು, ಒಬ್ಬನೇ ಧಣಿಯ ರುಚಿಯನ್ನು ಹೊತ್ತು ಬಂತು. ಆದ್ದರಿಂದಲೇ ಅದಕ್ಕೆ ಇಸವಿಯೂ ಇದೆ, ಹೆಸರೂ ಇದೆ. ಕುಂಬಳೆಯಲ್ಲಿ ತೀರ್ಪು ಚಾವಡಿಗಳಲ್ಲಿ ಹಂಚಿಹೋಗಿತ್ತು, ದಾಖಲೆಯಾಗಲಿಲ್ಲ.

ಅಚ್ಚಿನ ಯುಗದಲ್ಲಿ ನಾಟಕದ ಕರಡಿಗೆ ಓದುಗ-ವಿಮರ್ಶಕ ಎಂಬ ಹೊಸ ಪರೀಕ್ಷಕ ಬಂದ. ಧಾರವಾಡದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಜಿ.ಬಿ. ಜೋಶಿ ಮತ್ತು ಕೀರ್ತಿನಾಥ ಕುರ್ತಕೋಟಿಯವರ ಸಂಗದಲ್ಲಿ ಗಿರೀಶ ಕಾರ್ನಾಡರ ನಾಟಕಗಳು ರೂಪುಗೊಂಡ ಬಗೆಯನ್ನು, ಕನ್ನಡದಲ್ಲಿ ಸತ್ತ್ವಶಾಲಿ ಐತಿಹಾಸಿಕ ನಾಟಕಗಳ ಕೊರತೆಯ ಕುರಿತು ಕುರ್ತಕೋಟಿ ಆಡಿದ ಮಾತು ‘ತುಘಲಕ್’ಗೆ (1964) ಪ್ರೇರಣೆಯಾದುದನ್ನು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಅಲ್ಲಿ ಸಲಹೆ ಕೊಟ್ಟವರ ಹೆಸರು ಉಳಿದಿರುವುದು ನಾಟಕಕಾರ ಬರೆದಿಟ್ಟದ್ದರಿಂದ. ಪ್ರಸಂಗಕರ್ತರಿಗೆ ಆತ್ಮಕಥೆ ಬರೆಯುವ ರೂಢಿ ಇರಲಿಲ್ಲ.

ಇಪ್ಪತ್ತನೆಯ ಶತಮಾನದ ನಡುವಿನಿಂದ ಡೇರೆ ಮೇಳಗಳು ಟಿಕೇಟಿನ ಆಟಗಳನ್ನು ಆಡತೊಡಗಿದಾಗ ಮೇಳದ ಯಜಮಾನನೂ ಪರೀಕ್ಷಕರ ಸಾಲಿಗೆ ಸೇರಿಕೊಂಡ. ಹೊಸ ಕಥೆ ಬೇಕು, ಹಾಸ್ಯಗಾರನಿಗೆ ಪಾತ್ರ ಬೇಕು, ಹೆಸರಾಂತ ಕಲಾವಿದರೆಲ್ಲರಿಗೂ ಸರಿಯಾದ ಹೊತ್ತಿನಲ್ಲಿ ಪ್ರವೇಶ ಬೇಕು ಎಂಬುದು ಅವನ ಸಲಹೆ. ಇದನ್ನು ಕೀಳಾಗಿ ಕಾಣುವ ಅಭ್ಯಾಸ ವಿದ್ವತ್ ವಲಯದಲ್ಲಿದೆ. ರಂಗದ ಒತ್ತಾಯವೆಂಬುದು ಯಾವ ಕಾಲದಲ್ಲೂ ಪೂರ್ತಿ ನಿಷ್ಕಾಮವಾಗಿರಲಿಲ್ಲ. ಹರಕೆ ಆಟದ ಸೇವಾಕರ್ತನಿಗೂ ತನ್ನದೇ ಬೇಡಿಕೆಗಳಿದ್ದವು. ನಷ್ಟವಾದದ್ದು ಬೇರೆ ಕಡೆ. ಹಾಡುವ ಹೊತ್ತಿಗೆ ಪದ್ಯ ಸಿದ್ಧವಾದರೆ ಸಾಕೆಂಬ ಅವಸರದಲ್ಲಿ, ಮಳೆಗಾಲವೊಂದನ್ನು ತಾಳಮದ್ದಳೆಯಲ್ಲಿ ಕಳೆದು ಬರುವ ಅವಕಾಶ ಬಹಳಷ್ಟು ಹೊಸ ಪ್ರಸಂಗಗಳಿಗೆ ತಪ್ಪಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಮೇಳಗಳ ತಿರುಗಾಟಕ್ಕೆ ಗಡಿ ಅಡ್ಡ ಬರಲಿಲ್ಲ. ಗಡಿ ಅಡ್ಡ ಬಂದದ್ದು ಸಂಗ್ರಹದ ಕೆಲಸಕ್ಕೆ. ಆಟ ನಡೆಯುವ ಸೀಮೆ ಒಂದು ರಾಜ್ಯದಲ್ಲಿ, ಅದರ ಭಾಷೆಯನ್ನು ಅಧ್ಯಯನ ಮಾಡುವ ವಿಶ್ವವಿದ್ಯಾಲಯಗಳು ಹೆಚ್ಚಾಗಿ ಇನ್ನೊಂದು ರಾಜ್ಯದಲ್ಲಿ ಎಂದಾದಾಗ, ತಾಳೆಗರಿಗಾದರೂ ಒಬ್ಬ ಕೇಳುಗ ಸಿಕ್ಕಾನು, ಭಾಗವತನ ಹಳೆಯ ಅಚ್ಚಿನ ಪುಸ್ತಕಕ್ಕೆ ಸಿಗುವುದಿಲ್ಲ. ಪಾವಂಜೆ ಗುರುರಾಯರು ಉಡುಪಿಯಲ್ಲಿ ಅಚ್ಚು ಹಾಕಿಸಿದ ಪ್ರಸಂಗ ಪುಸ್ತಕಗಳು ಸೀಮೆಯ ಮನೆಮನೆಗೆ ಹೋದವು. ಭಾಗವತರು ಅವುಗಳ ಮೇಲೇ ಪೆನ್ಸಿಲಿನಲ್ಲಿ ಗೆರೆ ಎಳೆದರು, ಬಿಟ್ಟ ಪದ್ಯಕ್ಕೆ ಅಡ್ಡಗೀಟು ಹಾಕಿದರು, ಅಂಚಿನಲ್ಲಿ ಬೇರೆ ರಾಗದ ಹೆಸರು ಬರೆದರು, ಸೇರಿಸಿದ ಪದ್ಯವನ್ನು ಚೀಟಿಯಲ್ಲಿ ಬರೆದು ನಡುವೆ ಸಿಕ್ಕಿಸಿದರು. ಗ್ರಂಥಾಲಯದ ಲೆಕ್ಕದಲ್ಲಿ ಅದು ಈಗಾಗಲೇ ಇರುವ ಪುಸ್ತಕದ ಇನ್ನೊಂದು ಪ್ರತಿ, ಅದೂ ಹಾಳಾದ ಪ್ರತಿ. ಎಣ್ಮಕಜೆ, ಪೈವಳಿಕೆ, ಬದಿಯಡ್ಕ, ಕುಂಬ್ಡಾಜೆಗಳ ಹಳೆಯ ಮನೆಗಳ ಅಟ್ಟ ಇಳಿಸುವಾಗ ಮೊದಲು ಹೊರಗೆ ಬೀಳುವುದು ಇಂಥ ಪುಸ್ತಕವೇ. ಹೊಸ ಪ್ರಸಂಗದ ಕರಡಿಗೆ ಭಾಗವತನು ಕೊಟ್ಟ ಉತ್ತರ ಬರಹವಾಗಿ ಉಳಿದಿರಬಹುದಾದ ಮುಖ್ಯ ಜಾಗ ಆ ಅಂಚುಗಳು. ಪಾರ್ತಿಸುಬ್ಬನ ಮುಂದಿನ ಸಂಪಾದನೆ ತಾಳೆಗರಿಗಳ ಜತೆಗೆ ಅವನ್ನೂ ಪಾಠಾಂತರಗಳೆಂದು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದೀತು.